ಫೆರ್ಲಾಖ್: ಹೇಳಿ ಮಾಡಿಸುವ ಕೋವಿಗಳ ಊರು

ಆಸ್ಟ್ರಿಯಾದ ದಕ್ಷಿಣ ತುದಿಯಲ್ಲಿರುವ ಪಟ್ಟಣ ಫೆರ್ಲಾಖ್. ಕ್ಲಾಗನ್‌ಫುರ್ಟ್‌ನಿಂದ ಹೊರಟ ಬಸ್ಸು ದ್ರಾವ ನದಿ ದಾಟುತ್ತಿದ್ದಂತೆ ಎದುರಿಗೆ ಕರವಾಂಕನ್ ಬೆಟ್ಟಸಾಲು ಕಾಣುತ್ತದೆ. ಅದರಾಚೆಗೆ ಸ್ಲೊವೇನಿಯಾ. ಏಳು ಸಾವಿರದ ಆಸುಪಾಸು ಜನಸಂಖ್ಯೆಯ ಈ ಊರಿನಲ್ಲಿ ನಾಲ್ಕೂವರೆ ಶತಮಾನಗಳಿಂದ ಕೋವಿ ಮಾಡುತ್ತಿದ್ದಾರೆ. ಇವತ್ತಿಗೂ ಗಿರಾಕಿಯ ತೋಳಿನ ಅಳತೆ ತೆಗೆದು, ವರ್ಷ ಎರಡು ವರ್ಷ ಕಾಯಿಸಿ, ಒಂದೊಂದೇ ಕೋವಿ ಮಾಡಿಕೊಡುವ ಕಮ್ಮಟಗಳು ಇಲ್ಲಿವೆ. ಕಾರಿನ ಬೆಲೆ ತೆತ್ತು ರೈಫಲ್ ಮಾಡಿಸುವುದು ಸಾರ್ಥಕವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ತಕ್ಕ ಜಾಗ ನನಗೆ ತೋಚಲಿಲ್ಲ.

ಕಸುಬು ಇಲ್ಲಿ ಬೇರು ಬಿಟ್ಟದ್ದಕ್ಕೆ ಕಾರಣಗಳು ಊರಿನ ಸುತ್ತಲೇ ಇವೆ. ಬೆಟ್ಟದಿಂದ ರಭಸವಾಗಿ ಇಳಿಯುವ ಲೊಯ್ಬಲ್ ಹಳ್ಳ ಸುತ್ತಿಗೆಯ ಗಾಣಗಳನ್ನು ತಿರುಗಿಸಿತು, ಕಾಡು ಕುಲುಮೆಗೆ ಇದ್ದಿಲು ಕೊಟ್ಟಿತು, ಕಬ್ಬಿಣ ಅದೇ ಪ್ರಾಂತದ ಗಣಿಗಳಿಂದ ಬಂತು. ಹದಿನಾರನೇ ಶತಮಾನದಲ್ಲಿ ತುರ್ಕರ ಜೊತೆ ಕಾದಾಡುತ್ತಿದ್ದ ಹ್ಯಾಬ್ಸ್‌ಬರ್ಗ್ ಅರಸರಿಗೆ ಕೋವಿ ಬೇಕಿತ್ತು. ಮುಂದೆ ಸೈನ್ಯಕ್ಕೆ ಸಾವಿರಗಟ್ಟಲೆ ಬಂದೂಕು ಹೋದದ್ದು ಇಲ್ಲಿನ ಮನೆಮನೆಗಳಿಂದ: ನಳಿಗೆ ಒಬ್ಬನದು, ಚಾಪು ಇನ್ನೊಬ್ಬನದು, ಮರದ ಕೆಲಸ ಮತ್ತೊಬ್ಬನದು. 1867ರಲ್ಲಿ ಸೈನ್ಯ ವೆರ್ಂಡಲ್ ರೈಫಲನ್ನು ಒಪ್ಪಿಕೊಂಡಿತು. ಅದನ್ನು ಮಾಡಿದ್ದು ಸ್ಟೈರ್ ಪಟ್ಟಣದ ಯಂತ್ರಗಳು. ಫೆರ್ಲಾಖ್‌ನ ಅನ್ನ ಹೋಯಿತು. ಆಗ ಊರು ಬೇಟೆಕೋವಿಯ ಕಡೆ ತಿರುಗಿತು; 1878ರಲ್ಲಿ ಕೋವಿ ಕಸುಬಿನ ಶಾಲೆ ಶುರುವಾಯಿತು. ಅದು ಇಂದಿಗೂ ನಡೆಯುತ್ತಿದೆ, ಹೊರದೇಶಗಳ ಮಕ್ಕಳೂ ಬಂದು ಕಲಿಯುತ್ತಾರೆ. ಕಾರ್ಖಾನೆಗೆ ಸೋಲುವುದು ಎಂದರೇನು, ಸೋತ ಮೇಲೆ ಕೈಕೆಲಸಕ್ಕೆ ಉಳಿಯುವುದು ಏನು ಎಂಬ ಲೆಕ್ಕವನ್ನು ಈ ಊರು ನೂರೈವತ್ತು ವರ್ಷಗಳ ಹಿಂದೆಯೇ ಹಾಕಿ ಮುಗಿಸಿದೆ.

ಊರ ಕೋಟೆಮನೆಯಲ್ಲಿ ಕೋವಿ ಮತ್ತು ಬೇಟೆಯ ಮ್ಯೂಸಿಯಂ ಇದೆ. ನೋಡಬೇಕಾದದ್ದೇ. ಆದರೆ ನನಗೆ ಬೇಕಾದದ್ದು ಕಮ್ಮಟದಲ್ಲಿತ್ತು.

ಒಳಗೆ ಎಣ್ಣೆ ಮತ್ತು ಮರದ ಹೊಟ್ಟಿನ ವಾಸನೆ. ಕಿಟಕಿಗೆ ಒತ್ತಿದ ಬೆಂಚು, ಅದರ ಮೇಲೆ ಉಳಿ, ಅರ, ಹೆಸರು ಗೊತ್ತಿಲ್ಲದ ಸಣ್ಣ ಕೆರೆಕತ್ತಿಗಳು. ನಾನು ನೇರವಾಗಿಯೇ ಕೇಳಿದೆ: ಇಷ್ಟು ದುಡ್ಡು ಕೊಟ್ಟರೆ ಗುಂಡು ಹೆಚ್ಚು ನಿಖರವಾಗಿ ಬೀಳುತ್ತದೆಯೇ? ಇಲ್ಲ ಎಂದರು ಯಜಮಾನರು, ಕ್ಷಣವೂ ತಡಮಾಡದೆ. ಇಂದಿನ ಕಾರ್ಖಾನೆ ನಳಿಗೆಯನ್ನು ಗೀರುಗಳಿರುವ ಅಚ್ಚಿನ ಸುತ್ತ ಯಂತ್ರದ ಸುತ್ತಿಗೆಗಳಿಂದ ಬಡಿದು ಮಾಡುತ್ತಾರೆ. ನಿಮಿಷಗಳ ಕೆಲಸ, ತಪ್ಪು ಬಹಳ ಕಮ್ಮಿ. ನೂರು ಮೀಟರಿನಲ್ಲಿ ಹೊಡೆದ ಗುಂಡುಗಳೆಲ್ಲ ಸುಮಾರು ಮೂರು ಸೆಂಟಿಮೀಟರಿನೊಳಗೆ ಬೀಳುತ್ತವೆ ಎಂದು ಖಾತ್ರಿ ಕೊಡುವ ಕಂಪನಿಗಳಿವೆ. ಜಿಂಕೆಯ ಎದೆಗೂಡು ಅದಕ್ಕಿಂತ ಎಷ್ಟೋ ದೊಡ್ಡದು. ಸಾವಿರದಿಂದ ಎರಡು ಸಾವಿರ ಯೂರೋದ ರೈಫಲ್ ಕೊಡುವ ಗುರಿಯನ್ನು ಅದರ ಹತ್ತು ಪಟ್ಟು ಬೆಲೆಯದು ಮೀರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ? ಬೆಂಚಿನ ಮೇಲೆ ಸ್ಟಾಕಿಗಾಗಿ, ಅಂದರೆ ಕೋವಿಯ ಮರದ ಭಾಗಕ್ಕಾಗಿ, ಇಟ್ಟ ಆಕ್ರೋಟ್ ಮರದ ತುಂಡೊಂದಿತ್ತು. ವರ್ಷಗಟ್ಟಲೆ ನೆರಳಲ್ಲಿ ಒಣಗಿದ ಮರ. ಹಸಿ ಉಳಿದಿದ್ದರೆ ಮುಂದೆ ಸೊಟ್ಟಗಾಗಿ ನಳಿಗೆಯನ್ನು ಒತ್ತುತ್ತದೆ, ಗುರಿ ಅಲ್ಲೇ ಕೆಡುತ್ತದೆ. ಯಜಮಾನರ ಕೈಕೆಳಗಿನ ಹುಡುಗಿ ಉಕ್ಕಿನ ಭಾಗಕ್ಕೆ ಎಣ್ಣೆ ಬೆರೆಸಿದ ದೀಪದ ಮಸಿಯನ್ನು ತೆಳ್ಳಗೆ ಸವರಿದಳು, ಮರದ ಗುಳಿಯಲ್ಲಿ ಕೂರಿಸಿ ಮೆಲ್ಲನೆ ತಟ್ಟಿ ಎತ್ತಿದಳು. ಮರ ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಕಪ್ಪು ಹತ್ತಿತ್ತು. ಆ ಕಪ್ಪನ್ನಷ್ಟೇ ಕೆರೆದಳು. ಮತ್ತೆ ಮಸಿ, ಮತ್ತೆ ತಟ್ಟು, ಮತ್ತೆ ಕೆರೆತ. ಗುಳಿಯ ಮೈಯೆಲ್ಲ ಒಂದೇ ಸಮ ಕಪ್ಪಾಗುವ ತನಕ ಇದು ನಡೆಯಬೇಕು. ಆಗ ಉಕ್ಕು ಮರದಲ್ಲಿ ಅಲುಗಾಡದೆ ಕೂರುತ್ತದೆ. ಕಾರ್ಖಾನೆಗಳು ಇದೇ ಕೆಲಸವನ್ನು ರಾಳ ಸುರಿದೋ ಅಲ್ಯೂಮಿನಿಯಂ ತುಂಡು ಇಟ್ಟೋ ಬೇಗ ಮುಗಿಸುತ್ತವೆ, ಅದೂ ಗಟ್ಟಿಯಾಗಿಯೇ ನಿಲ್ಲುತ್ತದೆ. ಅವಳ ಕೈಯ ನಿಧಾನ ನೋಡುತ್ತ ನನಗೆ ಗೌರವ ಉಕ್ಕಿತು. ಆದರೆ ಗೌರವವೇ ಬೇರೆ, ಅಗತ್ಯವೇ ಬೇರೆ.

ಅಗತ್ಯ ಎಂಬುದು ನನಗೆ ಮನದಟ್ಟಾದದ್ದು ಅಳತೆಯ ಹೊತ್ತಿನಲ್ಲಿ. ಕೀಲುಗಳಿರುವ, ಹಿಗ್ಗಿಸಿ ಕುಗ್ಗಿಸಬಹುದಾದ ಸ್ಟಾಕಿನ ಖಾಲಿ ಕೋವಿಯೊಂದನ್ನು ಕೈಗಿಟ್ಟು, ಕಣ್ಣು ಮುಚ್ಚಿ ಹೆಗಲಿಗೇರಿಸಿ ಎಂದರು. ಏರಿಸಿದೆ. ಈಗ ಕಣ್ಣು ತೆರೆಯಿರಿ. ತೆರೆದರೆ ನಳಿಗೆ ಎತ್ತಲೋ ನೋಡುತ್ತಿದೆ, ನನ್ನ ಕಣ್ಣು ಎತ್ತಲೋ. ಅವರು ಹಿಂಬದಿಯನ್ನು ಚೂರು ಗಿಡ್ಡ ಮಾಡಿದರು, ಕೆನ್ನೆ ತಾಗುವ ಭಾಗವನ್ನು ಎತ್ತಿದರು, ಇಡೀ ಸ್ಟಾಕನ್ನು ನೂಲಿನಷ್ಟು ಬಲಕ್ಕೆ ಬಾಗಿಸಿದರು. ಮತ್ತೆ ಕಣ್ಣು ಮುಚ್ಚಿ ಏರಿಸಿ ತೆರೆದಾಗ ಗುರಿಕಡ್ಡಿ ಕಣ್ಣಿನ ನೇರಕ್ಕೇ ಬಂದಿತ್ತು. ಅಂಗಡಿಯ ರೈಫಲ್‌ಗಳು ಸಾಮಾನ್ಯವಾಗಿ ಟ್ರಿಗರಿನಿಂದ ಹಿಂಬದಿಗೆ 35-36 ಸೆಂಟಿಮೀಟರಿನ ಲೆಕ್ಕದಲ್ಲಿ ಬರುತ್ತವೆ. ಮಧ್ಯಮ ಎತ್ತರದ ಯುರೋಪಿಯನ್ ಗಂಡಸಿಗೆ ಅದು ಸರಿ. ಗಿಡ್ಡ ತೋಳಿನವರಿಗೆ, ಅನೇಕ ಹೆಂಗಸರಿಗೆ, ತೀರಾ ಎತ್ತರದವರಿಗೆ ಅದು ಸರಿಹೋಗುವುದಿಲ್ಲ. ಕತ್ತು ಚಾಚಿ, ಹೆಗಲು ತಿರುಚಿ ಹೊಡೆಯುವ ಅಭ್ಯಾಸ ಬೀಳುತ್ತದೆ.

ಇನ್ನು ಜೋಡುನಳಿಗೆ. ನಿಜವಾಗಿ ಫೆರ್ಲಾಖ್‌ನ ಹೆಸರು ನಿಂತಿರುವುದು ಇದರ ಮೇಲೆ. ಎರಡು ರೈಫಲ್ ನಳಿಗೆಗಳನ್ನು ಅಕ್ಕಪಕ್ಕ ಬೆಸೆದರೆ ಎರಡೂ ಒಂದೇ ಕಡೆ ಹೊಡೆಯುವುದಿಲ್ಲ. ಬಲ ನಳಿಗೆಯ ಈಡು ಹಾರುವಾಗ ಕೋವಿ ಬಲಕ್ಕೆ ಜಗ್ಗುತ್ತದೆ, ಎಡದ್ದು ಎಡಕ್ಕೆ. ಅದಕ್ಕೇ ಬಾಯಿಯ ಕಡೆ ಎರಡನ್ನೂ ಒಂದಿಷ್ಟು ಒಳಕ್ಕೆ ಬಾಗಿಸಿ ನಡುವೆ ಸಣ್ಣ ಬೆಣೆ ಇಡುತ್ತಾರೆ. ಹೊಡೆದು ನೋಡುತ್ತಾರೆ. ಗುಂಡುಗಳು ದೂರ ದೂರ ಬಿದ್ದರೆ ಬೆಂಕಿ ಹಿಡಿದು ಬೆಸುಗೆ ಕರಗಿಸಿ ಬೆಣೆಯನ್ನು ಮಿಲಿಮೀಟರಿನ ಒಂದಂಶ ಸರಿಸಿ, ಆರಿಸಿ, ಮತ್ತೆ ಹೊಡೆಯುತ್ತಾರೆ. ಎರಡು ನಳಿಗೆಗಳೂ ಒಂದೇ ಮಾತಾಡುವವರೆಗೆ ಬಿಡುವುದಿಲ್ಲ. ಇದನ್ನು ಕಲಿಯಲು ವರ್ಷಗಳೇ ಬೇಕು. ಒಂದು ಮಾತನ್ನು ಮಾತ್ರ ಕೊಳ್ಳುವವರು ಮರೆಯಬಾರದು: ಈ ಹೊಂದಾಣಿಕೆ ಒಂದು ನಿರ್ದಿಷ್ಟ ತೋಟಾಗೆ ಮಾತ್ರ. ಗುಂಡಿನ ತೂಕವೋ ಮದ್ದೋ ಬದಲಾದರೆ ನಳಿಗೆಗಳು ಮತ್ತೆ ದಾರಿ ಬೇರೆ ಮಾಡುತ್ತವೆ.

ಮುಗಿದ ಕೋವಿ ಊರಿನ ಸರ್ಕಾರಿ ಪರೀಕ್ಷಾಲಯಕ್ಕೆ ಹೋಗುತ್ತದೆ. ಆಸ್ಟ್ರಿಯಾದಲ್ಲಿ ಇಂಥವು ಎರಡೇ, ಇನ್ನೊಂದು ವಿಯೆನ್ನಾದಲ್ಲಿ. ಅನುಮತಿಸಿದ ಗರಿಷ್ಠ ಒತ್ತಡಕ್ಕಿಂತ ಶೇ 25ರಷ್ಟು ಹೆಚ್ಚಿನ ತೋಟಾ ಹಾರಿಸಿ, ನಳಿಗೆ ತಾಳಿದರೆ ಮುದ್ರೆ ಒತ್ತುತ್ತಾರೆ. ಲಕ್ಷ ಯೂರೋದ ಕೋವಿಗೂ ಸಾವಿರ ಯೂರೋದ್ದಕ್ಕೂ ಅದೇ ಪರೀಕ್ಷೆ, ಅದೇ ಮುದ್ರೆ.

ಕೆತ್ತನೆಯ ಬಗ್ಗೆ ಹೆಚ್ಚು ಹೇಳಲಾರೆ. ಸೂಜಿಮೊನೆಯ ಉಳಿಯಲ್ಲಿ ಉಕ್ಕಿನ ಮೇಲೆ ಮೂಡಿದ ಕಾಡಾಡು ಉಸಿರಾಡುವಂತಿತ್ತು. ಅದು ಕಲೆ, ಅದರ ಬೆಲೆಯನ್ನು ಕೋವಿಯ ಲೆಕ್ಕಕ್ಕೆ ಸೇರಿಸಬಾರದು. ಸೇರಿಸಿದರೆ ಲೆಕ್ಕ ಎಂದೂ ಕೂಡುವುದಿಲ್ಲ.

ನಮ್ಮವರಿಗೆ ಇದರಿಂದ ಏನು? ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೋವಿಯ ಮೇಲಿನ ಆ ಮಮತೆಗೆ ಫೆರ್ಲಾಖ್ ಅರ್ಥವಾಗುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿ ಬೇಟೆಯನ್ನು ನಿಷೇಧಿಸುತ್ತದೆ, ವಿದೇಶಿ ಬಂದೂಕು ತರಿಸುವುದು ಸಾಮಾನ್ಯನಿಗೆ ಸಾಧ್ಯವಿಲ್ಲ. ಉಳಿದದ್ದು ಕ್ರೀಡೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸುವ ರೈಫಲ್‌ಗಳನ್ನು ನೋಡಿ: ಕೆನ್ನೆಹಲಗೆ, ಹೆಗಲತಟ್ಟೆ, ಹಿಡಿ ಎಲ್ಲವನ್ನೂ ತಿರುಪು ಸಡಿಲಿಸಿ ನಮ್ಮ ಮೈಗೆ ಹೊಂದಿಸಿಕೊಳ್ಳಬಹುದು. ಕಮ್ಮಟದಲ್ಲಿ ನನಗೆ ಮನದಟ್ಟಾದ ಆ ಒಂದು ಅಗತ್ಯವನ್ನು ಕಾರ್ಖಾನೆಯೇ ಪೂರೈಸಿಬಿಟ್ಟಿದೆ.

ಆದ್ದರಿಂದ ನನ್ನ ತೀರ್ಮಾನ ಇದು. ಒಂಟಿ ನಳಿಗೆಯ ರೈಫಲ್ ಬೇಕಾದವರು, ಅವರು ಯಾವ ದೇಶದವರೇ ಆಗಲಿ, ಒಳ್ಳೆಯ ಕಾರ್ಖಾನೆಯದನ್ನೇ ಕೊಳ್ಳಲಿ. ಮೈಗೆ ಕೂಡದಿದ್ದರೆ ಪರವಾನಗಿಯುಳ್ಳ ಕುಶಲಕರ್ಮಿಯ ಹತ್ತಿರ ಸ್ಟಾಕನ್ನು ತಿದ್ದಿಸಲಿ, ಉಳಿದ ದುಡ್ಡನ್ನು ತೋಟಾಕ್ಕೂ ತರಬೇತಿಗೂ ಹಾಕಲಿ. ಜೋಡುನಳಿಗೆಯ ರೈಫಲ್ ಬೇಕು, ಅದು ಮಕ್ಕಳ ಕಾಲಕ್ಕೂ ಇರಬೇಕು, ಕೆಟ್ಟರೆ ಮಾಡಿದವರೇ ಬಿಚ್ಚಿ ಸರಿಮಾಡಬೇಕು ಎನ್ನುವವರಿಗೆ ಮಾತ್ರ ಫೆರ್ಲಾಖ್‌ನ ಬೆಲೆ ದುಬಾರಿಯಲ್ಲ.