ಹೊಟ್ಟಿನೊಳಗೆ ಹೊಳೆಯುವ ಇಂಗಾಲ



ಐದು ಕ್ವಿಂಟಾಲ್ ಭತ್ತವನ್ನು ಮಿಲ್ಲಿಗೆ ಹಾಕಿಸಿದರೆ ಅದರಲ್ಲಿ ಸುಮಾರು ಒಂದು ಕ್ವಿಂಟಾಲ್ ಹೊಟ್ಟೇ ಇರುತ್ತದೆ. ಒಂದಿಷ್ಟು ಮಿಲ್ಲಿನ ಒಲೆಗೆ, ಒಂದಿಷ್ಟು ಇಟ್ಟಿಗೆ ಗೂಡಿಗೆ ಹೋಗುತ್ತದೆ. ಇದೇ ಹೊಟ್ಟಿನಿಂದ ಬೆಳಕು ಬೀರುವ ಪದಾರ್ಥ ತಯಾರಾಗುತ್ತದೆಂದರೆ ನೀವು ನಗಬಹುದು. ಆದರೆ ಮಾತು ನಿಜ. ಇಂಥ ಸುದ್ದಿಯ ಹಿಂದೆಯೇ ಮುಂಗಡ ಹಣ ಕೇಳುವವರೂ ಬರಬಹುದಾದ್ದರಿಂದ ವಿಷಯವನ್ನು ಸರಿಯಾಗಿ ತಿಳಿದಿರುವುದು ಒಳ್ಳೆಯದು.

ಏನಿದು?

ಇದರ ಹೆಸರು ಕಾರ್ಬನ್ ಡಾಟ್, ಅಂದರೆ ಇಂಗಾಲದ ಚುಕ್ಕಿ. ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕದು. 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಮಸಿಯನ್ನು ಶುದ್ಧಿ ಮಾಡುತ್ತಿದ್ದಾಗ ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತು. 2012ರಲ್ಲಿ ಭಾರತದ ವಿಜ್ಞಾನಿಗಳು ಕಿತ್ತಳೆ ರಸದಿಂದಲೇ ಇದನ್ನು ತಯಾರಿಸಿ ತೋರಿಸಿದರು. ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ದಂಟು ಇವುಗಳಿಂದಲೂ ಮಾಡಬಹುದು.

ಮಾಡುವ ಬಗೆ

ಹೊಟ್ಟನ್ನು ನುಣ್ಣಗೆ ಪುಡಿ ಮಾಡಿ, ನೀರು ಬೆರೆಸಿ, ದಪ್ಪ ಉಕ್ಕಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ, 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇಡುತ್ತಾರೆ. ನಾರು ಒಡೆದು ಸಕ್ಕರೆಯಾಗಿ, ಸಕ್ಕರೆ ನೀರಿನಂಶ ಕಳೆದುಕೊಂಡು ಇಂಗಾಲದ ಕಣಗಳಾಗುತ್ತದೆ. ದಪ್ಪ ಕರಿಯನ್ನು ಸೋಸಿ ತೆಗೆದರೆ ಕಂದು ನೀರು ಉಳಿಯುತ್ತದೆ. ಚುಕ್ಕಿಗಳಿರುವುದು ಆ ನೀರಿನಲ್ಲಿ. ಬ್ಯಾಂಕಿನಲ್ಲಿ ನೋಟು ಪರೀಕ್ಷಿಸುವ ಅತಿನೇರಳೆ ದೀಪದ ಕೆಳಗೆ ಹಿಡಿದರೆ ಅದು ಸಾಮಾನ್ಯವಾಗಿ ನೀಲಿಯಾಗಿ ಹೊಳೆಯುತ್ತದೆ.

ಮನೆಯ ಕುಕ್ಕರಿನಲ್ಲಿ ಇದನ್ನು ಪರೀಕ್ಷಿಸಲು ಹೋಗಬೇಡಿ. 200 ಡಿಗ್ರಿಯಲ್ಲಿ ಹಬೆಯ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಹದಿನೈದು ಪಟ್ಟಾಗುತ್ತದೆ. ಪಾತ್ರೆ ಸಿಡಿದರೆ ಪ್ರಾಣಕ್ಕೇ ಅಪಾಯ.

ಉಪಯೋಗವೇನು?

ಸೌರಫಲಕವು ಅತಿನೇರಳೆ ಕಿರಣವನ್ನು ಚೆನ್ನಾಗಿ ಬಳಸಿಕೊಳ್ಳಲಾರದು. ಈ ಚುಕ್ಕಿಗಳ ತೆಳು ಲೇಪ ಆ ಕಿರಣವನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಬದಲಿಸಿ ಫಲಕಕ್ಕೆ ಕೊಡುತ್ತದೆ. ವಿದ್ಯುತ್ತನ್ನು ಬೇಗನೆ ತುಂಬಿಕೊಂಡು ಬೇಗನೆ ಕೊಡುವ ಸೂಪರ್ ಕೆಪಾಸಿಟರುಗಳಲ್ಲೂ, ದೀಪಗಳಲ್ಲೂ ಇದರ ಪ್ರಯೋಗ ನಡೆದಿದೆ. 2023ರ ನೊಬೆಲ್ ಬಹುಮಾನ ಪಡೆದ ಕ್ವಾಂಟಮ್ ಚುಕ್ಕಿಗಳಲ್ಲಿ ಹಲವಕ್ಕೆ ಕ್ಯಾಡ್ಮಿಯಂ ಎಂಬ ವಿಷಲೋಹ ಬೇಕು. ಇಂಗಾಲದ ಚುಕ್ಕಿಗೆ ಅದು ಬೇಡ.

ನಿಮಗೇನು ಲಾಭ?

ಇಲ್ಲಿ ಸ್ವಲ್ಪ ನಿಧಾನಿಸಿ. ಕೆಲಸ ಹೆಚ್ಚಾಗಿ ಪ್ರಯೋಗಶಾಲೆಯಲ್ಲೇ ಇದೆ. ಖರ್ಚು ಬೀಳುವುದು ಹೊಟ್ಟಿಗಲ್ಲ, ಚುಕ್ಕಿಗಳನ್ನು ಬೇರ್ಪಡಿಸಿ ಶುದ್ಧಿ ಮಾಡುವುದಕ್ಕೆ. ಬೇಕಾಗುವ ಹೊಟ್ಟೂ ಗಾಡಿಗಟ್ಟಲೆಯಲ್ಲ. ಆದ್ದರಿಂದ ಇದನ್ನು ನಂಬಿ ಸಾಲ ಮಾಡಬೇಡಿ. ಯಂತ್ರ ಕೊಡಿಸುತ್ತೇವೆ, ಕರಾರು ಮಾಡಿಕೊಳ್ಳಿ ಎಂದವರಿಗೆ ಹಣ ಕೊಡುವ ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಇಂದೇ ಆಗುವ ಕೆಲಸವೊಂದಿದೆ. ಗದ್ದೆಯ ಕೂಳೆಗೂ ಹುಲ್ಲಿಗೂ ಬೆಂಕಿ ಇಡಬೇಡಿ. ಅದರ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಹೊಟ್ಟನ್ನು ಕೊಟ್ಟಿಗೆಯಲ್ಲಿ ಹಾಸಿ, ಗಂಜಲ ಹೀರಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ. ಮಾರುವುದಾದರೆ ಮಣ್ಣು ಸೇರದಂತೆ, ಮಳೆಗೆ ನೆನೆಯದಂತೆ ಒಣಗಿಸಿ ಇಡಿ. ಕೊಳ್ಳುವವನು ಯಾರೇ ಆಗಲಿ, ಒಣಗಿದ ಶುದ್ಧ ಮಾಲನ್ನೇ ಕೇಳುತ್ತಾನೆ.