ಕಾಲಿಗೆ ತಕ್ಕ ಕ್ರಾಂಕು
ಸ್ಥಿರ ಗೇರಿನ ಸೈಕಲ್ಲು ಕೊಳ್ಳುವವರಿಗೆ ಕೆಲವು ಸೂಚನೆಗಳು

ಹೊಟ್ಟೆಪಾಡಿಗಾಗಿ ಮಹಾನಗರಗಳಿಗೆ ಬಂದು ನೆಲೆಸಿದ ನಮ್ಮವರ ದಿನಚರಿಯಲ್ಲಿ ಕಾಲುಗಳಿಗೆ ಕೆಲಸ ದಿನೇ ದಿನೇ ಕಡಿಮೆಯಾಗುತ್ತಿದೆ. ಮನೆಯ ಬಾಗಿಲಿನಿಂದ ಲಿಫ್ಟು, ಲಿಫ್ಟಿನಿಂದ ವಾಹನ, ವಾಹನದಿಂದ ಕಚೇರಿಯ ಕುರ್ಚಿ. ಸಂಜೆ ಇದೇ ಕ್ರಮ ತಿರುಗುಮುರುಗು. ಮಧುಮೇಹ, ರಕ್ತದೊತ್ತಡ, ಬೊಜ್ಜು ಇವು ಕರೆಯದೆ ಬರುವ ಅತಿಥಿಗಳಾಗಿ ಮನೆಮನೆಗಳಲ್ಲಿ ತಳವೂರಿವೆ. ವ್ಯಾಯಾಮಕ್ಕೆಂದು ಬೇರೆ ಹೊತ್ತು ದೊರೆಯದ ನಗರವಾಸಿಗೆ, ಕಚೇರಿಗೆ ಹೋಗಿಬರುವ ದಾರಿಯನ್ನೇ ವ್ಯಾಯಾಮಶಾಲೆಯನ್ನಾಗಿ ಮಾಡಿಕೊಡುವ ಸಾಧನವೆಂದರೆ ಸೈಕಲ್ಲು.

ನಮ್ಮ ಪುಣೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಹೆಸರಾಗಿದ್ದ ಊರಿದು. ಖಡಕಿ, ಪಿಂಪರಿಗಳ ಕಾರ್ಖಾನೆಗಳಿಗೆ ಕಾರ್ಮಿಕರು ಕ್ಯಾರಿಯರಿಗೆ ಬುತ್ತಿಯ ಡಬ್ಬಿ ಸಿಕ್ಕಿಸಿಕೊಂಡು ಸಾಲುಸಾಲಾಗಿ ಸಾಗುತ್ತಿದ್ದುದನ್ನು ಹಿರಿಯರು ಬಲ್ಲರು. ನಡುವೆ ಮೋಟಾರು ವಾಹನಗಳ ಹಾವಳಿಯಲ್ಲಿ ಮರೆಯಾದ ಸೈಕಲ್ಲು ಈಗ ತರುಣರ ಕೈಯಲ್ಲಿ ಹೊಸ ರೂಪದಲ್ಲಿ ಮರಳಿ ಕಾಣಿಸಿಕೊಳ್ಳುತ್ತಿದೆ. ಅವುಗಳಲ್ಲಿ ‘ಫಿಕ್ಸ್‌ಡ್ ಗೇರ್’, ಅಂದರೆ ಸ್ಥಿರ ಗೇರಿನ ಸೈಕಲ್ಲೂ ಒಂದು. ನೋಟಕ್ಕೆ ಬಲು ಸರಳ, ತೂಕ ಕಡಿಮೆ, ಕೆಡುವ ಭಾಗಗಳೂ ಕಡಿಮೆ. ಆದರೆ ಇದರ ಒಂದು ಅಂಗವನ್ನು ಆರಿಸುವಾಗ ಎಡವಿದರೆ, ಆರೋಗ್ಯಕ್ಕೆಂದು ಕೊಂಡ ಸೈಕಲ್ಲು ಮೊಣಕಾಲಿಗೆ ಮುಳುವಾದೀತು. ಆ ಅಂಗವೇ ಕ್ರಾಂಕು.

ಬಿಡುವಿಲ್ಲದ ಚಕ್ರ

ನಾವು ಊರಿನಲ್ಲಿ ತುಳಿಯುತ್ತಿದ್ದ ಸಾಮಾನ್ಯ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ‘ಫ್ರೀವೀಲು’ ಇರುತ್ತದೆ. ಇಳಿಜಾರಿನಲ್ಲಿ ಪೆಡಲು ನಿಲ್ಲಿಸಿದರೂ ಚಕ್ರ ಉರುಳುತ್ತಲೇ ಇರುತ್ತದೆ. ‘ಟಿಕ್ ಟಿಕ್’ ಎಂಬ ಸದ್ದು ಫ್ರೀವೀಲಿನದೇ. ಸ್ಥಿರ ಗೇರಿನಲ್ಲಿ ಈ ಸೌಲಭ್ಯವಿಲ್ಲ. ಹಿಂದಿನ ಹಲ್ಲಿನ ಚಕ್ರ ಗುಂಭಕ್ಕೆ ಬಿಗಿಯಾಗಿ ಕೂಡಿಕೊಂಡಿರುವುದರಿಂದ, ಚಕ್ರ ಸುತ್ತುವವರೆಗೆ ಪೆಡಲೂ ಸುತ್ತಲೇಬೇಕು, ಪೆಡಲಿನ ಮೇಲಿನ ಕಾಲೂ ಆಡಲೇಬೇಕು.

ಇದು ಹೊಸ ಆವಿಷ್ಕಾರವೇನೂ ಅಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯವರು ‘ರೋವರ್’ ಸೈಕಲ್ಲನ್ನು ರೂಪಿಸಿ, ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ಪದ್ಧತಿಗೆ ಭದ್ರವಾದ ಬುನಾದಿ ಹಾಕಿದಾಗ ಸೈಕಲ್ಲುಗಳು ಹೀಗೆಯೇ ಇದ್ದವು. ಫ್ರೀವೀಲು ಬಳಕೆಗೆ ಬಂದ ಮೇಲೆ ಸ್ಥಿರ ಗೇರು ಪಂದ್ಯದ ಅಂಗಳಗಳಿಗೆ ಸೀಮಿತವಾಯಿತು. ಜಪಾನಿನಲ್ಲಿ 1948ರಲ್ಲಿ ಕೊಕುರಾ ನಗರದಲ್ಲಿ ಆರಂಭವಾದ ‘ಕೇರಿನ್’ ಪಂದ್ಯಗಳು ಇಂದಿಗೂ ಸ್ಥಿರ ಗೇರಿನ ಮೇಲೆಯೇ ನಡೆಯುತ್ತವೆ. ಅಂಗಳದಿಂದ ಅದು ಮತ್ತೆ ಬೀದಿಗೆ ಇಳಿದದ್ದು ನ್ಯೂಯಾರ್ಕಿನಂಥ ನಗರಗಳಲ್ಲಿ ಕಾಗದಪತ್ರ ಮುಟ್ಟಿಸುವ ಸವಾರರ ಮೂಲಕ. ಅಂಗಳದಲ್ಲಿ ಎದುರಿನಿಂದ ರಿಕ್ಷಾ ಬರುವುದಿಲ್ಲ, ಸಿಗ್ನಲ್ಲೂ ಇಲ್ಲ. ಆದುದರಿಂದ ಅಲ್ಲಿ ಸಲ್ಲುವ ಕ್ರಾಂಕೇ ಲಕ್ಷ್ಮೀ ರಸ್ತೆಯಲ್ಲೂ ಸಲ್ಲುತ್ತದೆಂದು ತಿಳಿಯಬಾರದು.

ಉದ್ದ ಎಷ್ಟಿರಬೇಕು?

ಪೆಡಲಿಗೂ ನಡುವಿನ ಅಚ್ಚಿಗೂ ನಡುವೆ ಇರುವ ಎರಡು ತೋಳುಗಳು, ಬಲತೋಳಿಗೆ ಕೂಡಿಕೊಂಡ ದೊಡ್ಡ ಹಲ್ಲಿನ ಚಕ್ರ (ಅಂಗಡಿಯವರು ಇದನ್ನು ‘ಚೈನ್‌ವೀಲು’ ಎನ್ನುತ್ತಾರೆ) ಇವೆಲ್ಲ ಸೇರಿ ಕ್ರಾಂಕ್‌ಸೆಟ್ಟು. ತೋಳಿನ ಉದ್ದವನ್ನು ಅಚ್ಚಿನ ನಡುವಿನಿಂದ ಪೆಡಲಿನ ನಡುವಿಗೆ ಅಳೆಯುತ್ತಾರೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವವು 165, 170, 172.5 ಮತ್ತು 175 ಮಿಲಿಮೀಟರಿನವು. ಅಂಕಿಗಳಲ್ಲಿ ಅಂತರ ಅತ್ಯಲ್ಪವೆಂದು ತೋರಬಹುದು; ಮೊಣಕಾಲಿಗೆ ಅದು ಅಲ್ಪವಲ್ಲ.

ಹೇಗೆಂದರೆ, ಪೆಡಲು ಮೇಲಕ್ಕೆ ಬಂದಾಗ ಮೊಣಕಾಲು ಅತಿ ಹೆಚ್ಚಾಗಿ ಮಡಿಚಿಕೊಳ್ಳುತ್ತದೆ. ಹೀಗೆ ಮಡಿಚಿದ ಸ್ಥಿತಿಯಲ್ಲಿ ಬಲ ಹಾಕಿದಷ್ಟೂ ಮಂಡಿಚಿಪ್ಪು ಅದರ ಹಿಂದಿನ ಎಲುಬಿನ ಮೇಲೆ ಹೆಚ್ಚು ಒತ್ತುತ್ತದೆ. ತೋಳು 5 ಮಿ.ಮೀ. ಮೋಟಾದರೆ ಕೆಳಗಿನ ಪೆಡಲು 5 ಮಿ.ಮೀ. ಮೇಲಕ್ಕೆ ಬರುವುದರಿಂದ ಸೀಟನ್ನೂ ಅಷ್ಟೇ ಎತ್ತರಿಸಬಹುದು. ಮೇಲಿನ ಪೆಡಲಾದರೋ 5 ಮಿ.ಮೀ. ಕೆಳಗಿಳಿದಿರುತ್ತದೆ. ಎರಡೂ ಸೇರಿ ಮೊಣಕಾಲಿಗೆ 10 ಮಿ.ಮೀ. ಸಡಿಲು ದೊರೆತಂತಾಯಿತು. ನಿಮಿಷಕ್ಕೆ 70 ಸುತ್ತಿನಂತೆ ಅರ್ಧ ಗಂಟೆ ತುಳಿದರೆ ಒಂದೊಂದು ಮೊಣಕಾಲೂ 2,100 ಬಾರಿ ಮಡಿಚಿ ಬಿಚ್ಚುತ್ತದೆ. ಫ್ರೀವೀಲು ಇದ್ದರೆ ನಡುನಡುವೆ ವಿಶ್ರಾಂತಿಯುಂಟು. ಸ್ಥಿರ ಗೇರಿನಲ್ಲಿ ಅದೂ ಇಲ್ಲ. ಪ್ರತಿಯೊಂದು ಮಡಿಕೆಯಲ್ಲೂ ಉಳಿಯುವ ಆ 10 ಮಿ.ಮೀ. ಎಷ್ಟು ಬೆಲೆಯುಳ್ಳದ್ದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಮೋಟು ತೋಳಿನಿಂದ ಇನ್ನೊಂದು ಲಾಭವೂ ಇದೆ. ತಿರುವಿನಲ್ಲಿ ಸೈಕಲ್ಲು ವಾಲಿದಾಗ ಸಾಮಾನ್ಯ ಸವಾರನು ಒಳಬದಿಯ ಪೆಡಲನ್ನು ಮೇಲಕ್ಕೆತ್ತಿ ನಿಲ್ಲಿಸಿಕೊಳ್ಳುತ್ತಾನೆ. ಸ್ಥಿರ ಗೇರಿನವನಿಗೆ ಪೆಡಲನ್ನು ನಿಲ್ಲಿಸುವ ಸ್ವಾತಂತ್ರ್ಯವೇ ಇಲ್ಲ. ಅದು ತಿರುಗುತ್ತ ನೆಲಕ್ಕೋ ರಸ್ತೆಯ ಉಬ್ಬಿಗೋ ಬಡಿದರೆ ಹಿಂದಿನ ಚಕ್ರ ನೆಲಬಿಟ್ಟು ಏಳುವ ಅಪಾಯವಿದೆ. ಆದಕಾರಣ ನಗರದ ಸವಾರಿಗೆ 165 ಮಿ.ಮೀ. ತೋಳನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳುವುದು ಕ್ಷೇಮ.

‘ತೋಳು ಉದ್ದವಾದಷ್ಟೂ ಬಲ ಹೆಚ್ಚಲ್ಲವೇ?’ ಎಂಬ ಪ್ರಶ್ನೆ ಸಹಜ. ಸನ್ನೆಗೋಲಿನ ನಿಯಮದಂತೆ ಇದು ನಿಜವೇ. ಆದರೆ ದೇಹ ಬರಿಯ ಸನ್ನೆಗೋಲಲ್ಲ. ಮಾರ್ಟಿನ್ ಮತ್ತು ಸ್ಪಿರ್ಡುಸೊ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 120ರಿಂದ 220 ಮಿ.ಮೀ. ವರೆಗಿನ ಐದು ಬಗೆಯ ತೋಳುಗಳನ್ನು ಸವಾರರಿಂದ ತುಳಿಸಿ ನೋಡಿದರು. ಅಷ್ಟು ದೊಡ್ಡ ಅಂತರದಲ್ಲೂ ಗರಿಷ್ಠ ಶಕ್ತಿಯಲ್ಲಿ ಕಂಡ ವ್ಯತ್ಯಾಸ ಶೇಕಡಾ 4ರಷ್ಟು ಮಾತ್ರ. ಹೀಗಿರುವಾಗ 5 ಮಿ.ಮೀ. ಕಡಿಮೆಯಾಯಿತೆಂದು ಬಲಹೀನತೆಯ ಭಯ ಬೇಡ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ತಿರುಗಿ ನಿಲ್ಲುತ್ತದೆ: ಕಾಲು ಇದ್ದಷ್ಟೇ ಕ್ರಾಂಕು. ಬರಿಗಾಲಿನಲ್ಲಿ ಗೋಡೆಗೆ ಆನಿಸಿ ನಿಂತು, ತೊಡೆಸಂದಿಯಿಂದ ನೆಲದವರೆಗಿನ ಅಳತೆ ತೆಗೆದು ಅದರ ಐದನೆಯ ಒಂದು ಭಾಗವನ್ನೋ ಅದಕ್ಕಿಂತ ಕೊಂಚ ಹೆಚ್ಚನ್ನೋ ಹಿಡಿಯುವುದು ಒಂದು ಸ್ಥೂಲ ಲೆಕ್ಕ. ಅಳತೆ 80 ಸೆಂ.ಮೀ. ಇದ್ದರೆ 160ರಿಂದ 170 ಮಿ.ಮೀ. ಒಪ್ಪುತ್ತದೆ. ಎತ್ತರ ಕಡಿಮೆಯಿರುವ ಮಹಿಳೆಯರು ಹಾಗೂ ಕಿರಿಯರು 160 ಅಥವಾ 155 ಮಿ.ಮೀ. ತೋಳನ್ನು ಕೇಳಿ ತರಿಸಿಕೊಳ್ಳುವುದು ಲೇಸು.

ಹಲ್ಲುಗಳ ಲೆಕ್ಕ

ಉದ್ದಕ್ಕಿಂತಲೂ ಹೆಚ್ಚು ಎಚ್ಚರ ಬೇಕಾದುದು ಹಲ್ಲುಗಳ ಸಂಖ್ಯೆಯಲ್ಲಿ. ಈ ಸೈಕಲ್ಲಿಗೆ ಇರುವುದು ಒಂದೇ ಗೇರು. ಕೋಥರೂಡಿನಿಂದ ಚಾಂದನಿ ಚೌಕದತ್ತ ಏರುವಾಗಲೂ ಅದೇ, ಇಳಿಯುವಾಗಲೂ ಅದೇ.

ಮುಂದಿನ ಚೈನ್‌ವೀಲಿನ ಹಲ್ಲುಗಳನ್ನು ಹಿಂದಿನ ಚಕ್ರದ ಹಲ್ಲುಗಳಿಂದ ಭಾಗಿಸಿದರೆ, ಪೆಡಲಿನ ಒಂದು ಸುತ್ತಿಗೆ ಹಿಂದಿನ ಚಕ್ರ ಎಷ್ಟು ಸುತ್ತುತ್ತದೆಂಬುದು ತಿಳಿಯುತ್ತದೆ. ಈಗ ಬಳಕೆಯಲ್ಲಿರುವ ಬಗೆಯ ಚಕ್ರದ ಸುತ್ತಳತೆ ಹೆಚ್ಚುಕಡಿಮೆ 2.1 ಮೀಟರು. ಮುಂದೆ 48, ಹಿಂದೆ 16 ಹಲ್ಲಿದ್ದರೆ ಪ್ರತಿ ಸುತ್ತಿಗೆ 6.3 ಮೀಟರು ಸಾಗುತ್ತೇವೆ. ಮುಂದೆ 44, ಹಿಂದೆ 16 ಇದ್ದರೆ ಸುಮಾರು 5.8 ಮೀಟರು, 44 ಮತ್ತು 18 ಇದ್ದರೆ ಸುಮಾರು 5.1 ಮೀಟರು. ಮೊದಲನೆಯದಕ್ಕಿಂತ ಕೊನೆಯದರಲ್ಲಿ ಕಾಲಿಗೆ ಬೀಳುವ ಭಾರ ಶೇಕಡಾ 18ಕ್ಕೂ ಮಿಕ್ಕಿ ಕಡಿಮೆ.

ತೋಳನ್ನು 170ರಿಂದ 165ಕ್ಕೆ ಇಳಿಸಿದಾಗ ಕಳೆದುಕೊಳ್ಳುವ ಬಲ ಶೇಕಡಾ 3. ಹಿಂದಿನ ಚಕ್ರದಲ್ಲಿ 17ರ ಬದಲು 18 ಹಲ್ಲು ಮಾಡಿಸಿದರೆ ಆ ನಷ್ಟ ತುಂಬಿ ಇನ್ನೂ ಮಿಗುತ್ತದೆ. ಒಂದೇ ಹಲ್ಲಿನ ಖರ್ಚಿನಲ್ಲಿ ಮೊಣಕಾಲಿನ ಕ್ಷೇಮ!

ತರುಣರು ಸಾಮಾನ್ಯವಾಗಿ 48 ಮತ್ತು 16ರ ಜೋಡಿಗೆ ಮಾರುಹೋಗುತ್ತಾರೆ. ಸಮತಟ್ಟು ದಾರಿಯಲ್ಲಿ ವೇಗ ಹೆಚ್ಚು. ಆದರೆ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗಲೆಲ್ಲ ಅದೇ ಭಾರವನ್ನು ಎಳೆಯಬೇಕು. ಮೇಲ್ಸೇತುವೆ ಬಂದರೆ ಎದ್ದು ನಿಂತು ತುಳಿಯಬೇಕು. ಬೇಡದ ಭಾರವನ್ನು ನಿಧಾನವಾಗಿ ತುಳಿಯುವುದಕ್ಕಿಂತ ಹಗುರವಾದುದನ್ನು ಚುರುಕಾಗಿ ತುಳಿಯುವುದು ಮೊಣಕಾಲಿಗೂ ಹೃದಯಕ್ಕೂ ಹಿತ. 44 ಮತ್ತು 18ರ ಜೋಡಿಯಲ್ಲಿ ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ ಸುಮಾರು 21 ಕಿಲೋಮೀಟರು ಸಾಗಬಹುದು. ನಗರದ ಸಂದಣಿಯಲ್ಲಿ ಇದಕ್ಕಿಂತ ಹೆಚ್ಚಿನ ಅವಸರ ಯಾರಿಗೆ?

ಹಗುರ ಗೇರಿಗೂ ಒಂದು ಮಿತಿಯಿದೆ. ಇಳಿಜಾರಿನಲ್ಲಿ ಗಂಟೆಗೆ 35 ಕಿ.ಮೀ. ವೇಗ ಬಂದರೆ ಈ ಜೋಡಿಯಲ್ಲಿ ಕಾಲುಗಳು ನಿಮಿಷಕ್ಕೆ 110ಕ್ಕೂ ಹೆಚ್ಚು ಸುತ್ತು ತಿರುಗಬೇಕು. ಅಭ್ಯಾಸವಿಲ್ಲದವರ ಪಾದ ಪೆಡಲಿನಿಂದ ಜಾರೀತು. ಇಳಿಜಾರಿನ ಆರಂಭದಲ್ಲಿಯೇ ಬ್ರೇಕು ಹಿಡಿದು ವೇಗವನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ. ಮುಂಬಯಿ, ಚೆನ್ನೈಗಳ ಸಮತಟ್ಟು ದಾರಿಯವರಿಗೆ 44 ಮತ್ತು 17 ಸಲ್ಲುತ್ತದೆ. ಹೈದರಾಬಾದಿನ ಬಂಜಾರಾ ಹಿಲ್ಸ್‌ನಂಥ ಏರಿಳಿತಗಳಲ್ಲಿ ಇರುವವರಿಗೆ 42 ಮತ್ತು 18 ಹಿತವಾದೀತು.

ಭದ್ರತೆ ಮತ್ತು ನೇರ

ಸಾಮಾನ್ಯ ಸೈಕಲ್ಲಿನಲ್ಲಿ ಕ್ರಾಂಕಿನ ಮೇಲೆ ಬಲ ಬೀಳುವುದು ಮುಂದಕ್ಕೆ ಮಾತ್ರ. ಸ್ಥಿರ ಗೇರಿನಲ್ಲಿ ವೇಗ ತಗ್ಗಿಸಲು ಸವಾರನು ಪೆಡಲನ್ನು ತಡೆಹಿಡಿಯುವುದರಿಂದ ಹಿಂದಕ್ಕೂ ಬಲ ಬೀಳುತ್ತದೆ. ಆದುದರಿಂದ ಹಳೆಯ ಸೈಕಲ್ಲುಗಳ ಕಾಟರ್ ಪಿನ್ನಿನ ಕ್ರಾಂಕು ಇಲ್ಲಿ ಬೇಗ ಸಡಿಲಗೊಳ್ಳುವ ಸಂಭವವಿದೆ. ಚೌಕ ಅಚ್ಚಿಗೆ ಬೋಲ್ಟಿನಿಂದ ಬಿಗಿಯುವ ಅಲ್ಯೂಮಿನಿಯಂ ಕ್ರಾಂಕು ಮೇಲು. ಆದರೆ ಅಚ್ಚು ಮತ್ತು ತೋಳು ಒಂದೇ ಪ್ರಮಾಣದವಾಗಿರಬೇಕು. ಜಪಾನಿ ಮತ್ತು ಐರೋಪ್ಯ ಚೌಕಗಳ ಅಳತೆ ಒಂದೇ ಅಲ್ಲ. ಹೊಸದಾಗಿ ಜೋಡಿಸಿದ ಕೆಲವು ದಿನಗಳಲ್ಲೇ ಬೋಲ್ಟನ್ನು ಮತ್ತೊಮ್ಮೆ ಬಿಗಿಸಿಕೊಳ್ಳಬೇಕು. ಸಡಿಲಾದ ತೋಳಿನಲ್ಲಿಯೇ ತುಳಿದರೆ ಚೌಕದ ಅಂಚು ಸವೆದು, ಆಮೇಲೆ ಎಷ್ಟು ಬಿಗಿದರೂ ನಿಲ್ಲದು.

ಮುಂದಿನ ಮತ್ತು ಹಿಂದಿನ ಹಲ್ಲಿನ ಚಕ್ರಗಳು ಒಂದೇ ನೇರದಲ್ಲಿರಬೇಕು. ಚೈನು ಓರೆಯಾದರೆ ಸವೆತ ಹೆಚ್ಚು. ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಥಟ್ಟನೆ ನಿಂತು ಸವಾರ ಬೀಳಬಹುದು. ಚೈನಿನ ಅಗಲಕ್ಕೂ ಹಲ್ಲಿನ ದಪ್ಪಕ್ಕೂ ಹೊಂದಿಕೆಯಿರಲಿ: 3/32 ಅಂಗುಲದ ಕಿರಿದಾದ ಚೈನು 1/8 ಅಂಗುಲದ ದಪ್ಪ ಹಲ್ಲಿನ ಮೇಲೆ ಕೂರದು. ಅಂಗಡಿಯಲ್ಲಿಯೇ ಪೆಡಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಿ. ಒಂದು ಕಡೆ ಚೈನು ಬಿಗಿದು ಇನ್ನೊಂದು ಕಡೆ ಜೋತುಬಿದ್ದರೆ ಚೈನ್‌ವೀಲು ಸರಿಯಾದ ದುಂಡಾಗಿಲ್ಲ, ಅಥವಾ ನಡುವಿಗೆ ಸರಿಯಾಗಿ ಕೂತಿಲ್ಲವೆಂದು ತಿಳಿಯಬೇಕು.

ಬಟ್ಟೆ, ಬೆರಳು, ಬ್ರೇಕು

ನಮ್ಮ ಉಡುಪಿನ ದೃಷ್ಟಿಯಿಂದ ಒಂದು ಮಾತು ಅಗತ್ಯ. ಸಾಮಾನ್ಯ ಸೈಕಲ್ಲಿನ ಚೈನಿಗೆ ಪ್ಯಾಂಟಿನ ಅಂಚು ಸಿಕ್ಕಿದರೆ ಪೆಡಲು ನಿಲ್ಲಿಸಿ ಬಿಡಿಸಿಕೊಳ್ಳುತ್ತೇವೆ. ಸ್ಥಿರ ಗೇರಿನಲ್ಲಿ ಚಕ್ರದ ವೇಗವೇ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಂಚೆ, ಸೀರೆ, ದುಪಟ್ಟಾ ಉಟ್ಟವರಿಗೆ ಈ ಸೈಕಲ್ಲು ಸಲ್ಲದು. ಪ್ಯಾಂಟಿನವರೂ ಅಂಚನ್ನು ಪಟ್ಟಿಯಿಂದ ಬಿಗಿದುಕೊಳ್ಳಬೇಕು. ಚೈನ್‌ಕವರು ಕೂರುವಂಥ ಕ್ರಾಂಕನ್ನೇ ಕೇಳಿ ಕೊಳ್ಳಬೇಕು. ಚಕ್ರ ತಿರುಗುತ್ತಿರುವಾಗ ಚೈನನ್ನು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಮಕ್ಕಳನ್ನು ಹತ್ತಿರ ಬಿಡಬಾರದು.

ಕಾಲಿನಿಂದಲೇ ನಿಲ್ಲಿಸುವೆವೆಂದು ಬ್ರೇಕು ತೆಗೆಸುವ ಚಾಳಿ ಕೆಲವರಲ್ಲಿದೆ. ಇದು ಶೌರ್ಯವಲ್ಲ, ಅವಿವೇಕ. ಹಠಾತ್ತನೆ ನಿಲ್ಲಿಸುವಾಗ ದೇಹದ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರದ ಹಿಡಿತ ಕಡಿಮೆಯಾಗುವುದರಿಂದ ಮುಂದಿನ ಬ್ರೇಕಿಗೆ ಬದಲಿಯಿಲ್ಲ. ಮಳೆಗಾಲದಲ್ಲಂತೂ ಎರಡು ಬ್ರೇಕುಗಳೂ ಇರಲೇಬೇಕು.

ಕೊಳ್ಳುವ ಮುನ್ನ

ಮೊಣಕಾಲಿನ ಸವೆತ, ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ಸ್ಥಿರ ಗೇರಿಗೆ ಕೈಹಾಕಬಾರದು. ಒಂದು ಮಗ್ಗುಲಿಗೆ ಸ್ಥಿರ ಗೇರು, ಇನ್ನೊಂದು ಮಗ್ಗುಲಿಗೆ ಫ್ರೀವೀಲು ಕೂರುವ ಗುಂಭಗಳು ದೊರೆಯುತ್ತವೆ. ಚಕ್ರವನ್ನು ತಿರುಗಿಸಿ ಹಾಕಿದರೆ ಸಾಕು, ಅದೇ ಕ್ರಾಂಕಿನಲ್ಲಿ ಸಾಮಾನ್ಯ ಸವಾರಿ ಸಾಧ್ಯ. ಮಧ್ಯವಯಸ್ಸಿನವರಿಗೆ ಇದೇ ಉತ್ತಮ ಮಾರ್ಗ.

ಸೀಟಿನ ಎತ್ತರವನ್ನೂ ಆಗಲೇ ಗೊತ್ತುಮಾಡಿಕೊಳ್ಳಿ. ಸೀಟಿನ ಮೇಲೆ ಕುಳಿತು ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೇರವಾಗಿದ್ದರೆ, ತುಳಿಯುವಾಗ ಮೊಣಕಾಲಿನಲ್ಲಿ ಬೇಕಾದಷ್ಟು ಬಾಗು ಉಳಿಯುತ್ತದೆ. ಕೆಲವು ದಿನಗಳ ಸವಾರಿಯ ಬಳಿಕ ಮಂಡಿಯ ಮುಂಭಾಗ ನೋವಾದರೆ ಸೀಟು ತಗ್ಗಾಗಿರಬಹುದು, ಇಲ್ಲವೆ ಗೇರು ಭಾರವಾಗಿರಬಹುದು. ಹಿಂಭಾಗ ನೋವಾದರೆ ಸೀಟು ಎತ್ತರವಾಗಿರಬಹುದು.

ಅಂಗಡಿಗೆ ಹೋದಾಗ ಹೊಳಪನ್ನಾಗಲಿ ಹೆಸರನ್ನಾಗಲಿ ಮೊದಲು ನೋಡಬೇಡಿ. ತೋಳಿನ ಒಳಮೈಯಲ್ಲಿ ಕೊರೆದಿರುವ ಉದ್ದವನ್ನು ಓದಿ, ಹಲ್ಲುಗಳನ್ನು ಎಣಿಸಿ, ಚೈನಿನ ನೇರವನ್ನು ಪರೀಕ್ಷಿಸಿ, ಆಮೇಲೆ ಬೆಲೆ ಕೇಳಿ. ಸೈಕಲ್ಲನ್ನು ಹತ್ತಾರು ಬಾರಿ ಬದಲಾಯಿಸಬಹುದು. ಹುಟ್ಟುವಾಗ ತಂದ ಎರಡು ಮೊಣಕಾಲುಗಳನ್ನೇ ಕಡೆತನಕ ಬಾಳಿಸಿಕೊಂಡು ಹೋಗಬೇಕಾದವರು ನಾವು.