ಕಣಗಿಲೆ ಕಟ್ಟಿಗೆ: ಒಲೆಗೋ, ಮಷಿನ್ನಿಗೋ, ತಿಪ್ಪೆಗೋ?

ಮುರಗೋಡದ ಸುತ್ತಿನ ಎರೆಹೊಲಗಳ ಸೀಮೆಯಲ್ಲಿ ಅಂಗಳಕ್ಕೆ ಕಣಗಿಲೆ, ಬದುವಿಗೆ ಕಳ್ಳಿ, ಹಾಳುಬಿದ್ದ ಜಾಗಕ್ಕೆ ಎಕ್ಕೆ. ಮೂರಕ್ಕೂ ನೀರುಣಿಸುವ ಗೋಜಿಲ್ಲ, ದನಕರು ಬಾಯಿ ಹಾಕುವ ಭಯವೂ ಇಲ್ಲ. ಕಣಗಿಲೆ ಹೂ ಶಿವಪೂಜೆಗಾಯಿತು, ಎಕ್ಕೆ ಕಡ್ಡಿ ನವಗ್ರಹ ಹೋಮದ ಸಮಿಧೆಗಾಯಿತು. ತಕರಾರು ಬರುವುದು ಆಳೆತ್ತರ ಬೆಳೆದ ಗಿಡವನ್ನು ಸವರಿ ಹಾಕಿದ ಮೇಲೆ. ಆ ರಾಶಿಯನ್ನು ಬಚ್ಚಲ ಒಲೆಗೆ ಒಟ್ಟಬಹುದೇ? ಮಷಿನ್ನಿಗೆ ಕೊಟ್ಟು ಪುಡಿ ಮಾಡಬಹುದೇ? ‘ವಿಷದ ಗಿಡ, ಸುಟ್ಟರೆ ಹೊಗೆಯೇ ಕೊಲ್ಲುತ್ತದೆ’ ಎನ್ನುವವರಿದ್ದಾರೆ. ‘ಬೆಂಕಿಗೆ ಬಿದ್ದ ಮೇಲೆ ಎಂಥ ವಿಷ’ ಎನ್ನುವವರೂ ಇದ್ದಾರೆ.

ಮೊದಲು ಕಣಗಿಲೆಯ ವಿಷ ಮಾಡುವ ಕೆಲಸ ನೋಡೋಣ. ಅದರ ಮುಖ್ಯ ವಿಷ ಒಲಿಯಾಂಡ್ರಿನ್. ನಮ್ಮ ಜೀವಕೋಶಗಳ ಪೊರೆಯಲ್ಲಿ ಒಂದು ಪಂಪು ಹಗಲಿರುಳೂ ದುಡಿಯುತ್ತಿರುತ್ತದೆ. ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಇದನ್ನು ಗುರುತಿಸಿದರು. 1997ರಲ್ಲಿ ಅವರಿಗೆ ನೊಬೆಲ್ ಬಂತು. ಒಲಿಯಾಂಡ್ರಿನ್ ಈ ಪಂಪನ್ನು ಕಟ್ಟಿಹಾಕುತ್ತದೆ. ಹೃದಯದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ತುಂಬಿ ಬಡಿತದ ಲಯ ತಪ್ಪುತ್ತದೆ. ಎಲೆ, ತೊಗಟೆ, ಬೇರು, ಹೂ ಎಲ್ಲದರಲ್ಲೂ ಈ ವಿಷವಿದೆ. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ನೈವೇದ್ಯ, ಪ್ರಸಾದಗಳಿಂದ ಕಣಗಿಲೆ ಹೂವನ್ನು ದೂರವಿಟ್ಟದ್ದು ಇದೇ ಕಾರಣಕ್ಕೆ.

ಇನ್ನು ಬೆಂಕಿಯ ಮಾತು. ಸಸ್ಯದ ವಿಷ ಹೊಗೆಯೇರಿ ಬರುತ್ತದೆಯೇ ಎಂದರೆ, ಕೆಲವು ಖಂಡಿತ ಬರುತ್ತವೆ. ನಮ್ಮದೇ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ಬೀಡಿ ಸೇದುವವನ ನೆತ್ತರಿಗೆ ನಿಕೋಟಿನ್ ಸೇರುವುದು ಹೊಗೆಯ ಮೂಲಕವೇ. ಅದು ಹಗುರ ಅಣು, 247 ಡಿಗ್ರಿ ಸೆಲ್ಸಿಯಸ್‌ಗೆ ಕುದಿದು ಆವಿಯಾಗುತ್ತದೆ. ಬೆಂಕಿಯ ಕೆನ್ನಾಲಿಗೆ ಮುಟ್ಟುವ ಮೊದಲೇ ಹಾರಿಬಿಡುತ್ತದೆ. ದತ್ತೂರಿಯದೂ ಅದೇ ಕತೆ. ಅದರ ಹೊಗೆ ಎಳೆದು ದಮ್ಮು ಇಳಿಸಿಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. 1802ರ ಹೊತ್ತಿಗೆ ಅದು ಮದ್ರಾಸಿನಿಂದ ಇಂಗ್ಲೆಂಡಿಗೂ ಹೋಯಿತು. ಹೊಗೆಯಲ್ಲಿ ಔಷಧ ಬರುವುದಾದರೆ ವಿಷವೂ ಬರುತ್ತದೆ.

ಒಲಿಯಾಂಡ್ರಿನ್ ಹಾಗಲ್ಲ. ನಿಕೋಟಿನ್ನಿಗಿಂತ ಮೂರೂವರೆ ಪಟ್ಟು ಭಾರದ ಅಣು ಅದು. ಸುಲಭವಾಗಿ ಆವಿಯಾಗದು, ಬಿಸಿ ಹೆಚ್ಚಿದರೆ ಮುರಿದುಬೀಳುತ್ತದೆ. ಕಣಗಿಲೆ ಕಡ್ಡಿಗೆ ಮಾಂಸ ಚುಚ್ಚಿ ಸುಟ್ಟು ತಿಂದ ಸೈನಿಕರು ಸತ್ತರು ಎಂಬ ಕತೆ ಯುರೋಪಿನಲ್ಲಿ ಬಹುಕಾಲದಿಂದ ಓಡಾಡುತ್ತಿದೆ. 2021ರಲ್ಲಿ ಅಮೆರಿಕದ ವಿಷವೈದ್ಯರು ಅದೇ ರೀತಿ ಸಾಸೇಜ್ ಸುಟ್ಟು ಅಳೆದು ನೋಡಿದರು. ಅದರೊಳಗೆ ಇಳಿದ ವಿಷ ಲೆಕ್ಕಕ್ಕೆ ಬಾರದಷ್ಟು.

ಹಾಗೆಂದು ಹಸಿ ಕಣಗಿಲೆಯನ್ನು ಒಲೆಗೆ ತುರುಕಬೇಡಿ. ಧಗಧಗ ಉರಿಯುವ ಒಣಕಟ್ಟಿಗೆಯ ಬೆಂಕಿ ಬೇರೆ, ಹಸಿ ಸೊಪ್ಪು ಬುಸುಗುಟ್ಟುವ ಬೆಂಕಿ ಬೇರೆ. ಎರಡನೆಯದರಲ್ಲಿ ಶಾಖ ಸಾಲದೆ ಅರೆಬೆಂದ ರಾಳ, ಎಣ್ಣೆಗಳು ಸಣ್ಣ ಹನಿಗಳಾಗಿ ಹೊಗೆಯೊಡನೆ ಮೇಲೇಳುತ್ತವೆ. ಕಣ್ಣು ಗಂಟಲು ಉರಿಸುವುದು ಅವೇ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರಿನ ಎಣ್ಣೆ ಮೈಗೆ ಸೋಕಿದರೆ ಬೊಬ್ಬೆ ಏಳುತ್ತದೆ. ಅದೇ ಜಾತಿಯ ಎಣ್ಣೆಯಿರುವ ಅಮೆರಿಕದ ವಿಷಬಳ್ಳಿಗೆ ಬೆಂಕಿ ಬಿದ್ದಾಗ ಹೊಗೆ ಕುಡಿದ ಅಗ್ನಿಶಾಮಕರ ಶ್ವಾಸಕೋಶಕ್ಕೇ ಪೆಟ್ಟಾಗಿದ್ದುಂಟು. ಕಳ್ಳಿಯ ಹಾಲೂ ನಂಬುವಂಥದ್ದಲ್ಲ. ಆದ್ದರಿಂದ ಕರಿಗೇರು, ಕಳ್ಳಿ ಎರಡನ್ನೂ ಸುಡದಿರುವುದೇ ಲೇಸು.

ಆದರೆ ನಮ್ಮ ಕಡೆ ನಿಜವಾಗಿ ಹೆದರಬೇಕಾದದ್ದು ಒಲೆಗಲ್ಲ, ಕಣಿಕೆ ಕತ್ತರಿಸುವ ಮಷಿನ್ನಿಗೆ. ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಈ ಯಂತ್ರದ ಬಾಯಿಗೆ ಕೊಟ್ಟದ್ದನ್ನು ಹಲ್ಲಿನ ಉರುಳೆಗಳು ಒಳಗೆಳೆದುಕೊಳ್ಳುತ್ತವೆ, ಚಕ್ರಕ್ಕೆ ಬಿಗಿದ ಅಲಗುಗಳು ಬೆರಳುದ್ದದ ತುಂಡು ಮಾಡಿ ಚೆಲ್ಲುತ್ತವೆ. ಬೇಲಿ ಸವರಿದ ದಿನ ಕಣಗಿಲೆಯನ್ನೂ ಇದಕ್ಕೇ ಕೊಟ್ಟರೆಂದುಕೊಳ್ಳಿ. ಉರುಳೆಯ ಸಂದಿಯಲ್ಲಿ, ಮೂತಿಯ ಅಂಚಿನಲ್ಲಿ ಚೂರುಗಳು ಉಳಿಯುತ್ತವೆ. ಮರುದಿನ ಕಣಿಕೆಯೊಡನೆ ಗೋದಲಿಗೆ ಬೀಳುತ್ತವೆ. ಹಸಿ ಎಲೆಯ ಕಹಿಗೆ ದನ ಮುಖ ತಿರುಗಿಸೀತು. ಒಣಗಿ ಚೂರಾಗಿ ಮೇವಿನಲ್ಲಿ ಬೆರೆತದ್ದನ್ನು ಅದು ಆರಿಸಿ ಬಿಡಲಾರದು. ಒಣಗಿದರೂ ವಿಷ ಇಳಿಯುವುದಿಲ್ಲ. ಕಿಲೋ ದೇಹತೂಕಕ್ಕೆ 50 ಮಿಲಿಗ್ರಾಂ ಒಣ ಎಲೆ ದನಗಳಿಗೆ ಮಾರಕವೆಂದು ಪಶುವೈದ್ಯ ಅಧ್ಯಯನಗಳು ತೋರಿಸಿವೆ. 300 ಕಿಲೋ ತೂಗುವ ಆಕಳಿಗೆ 15 ಗ್ರಾಂ, ಅಂದರೆ ಒಂದು ಹಿಡಿ ಸಾಕು.

ಕತ್ತರಿಸುವವರಿಗೂ ಅಪಾಯವಿದೆ. ಅಲಗು ಬಡಿದಾಗ ಹಾಲು ಸಿಡಿಯುತ್ತದೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು, ತಕ್ಷಣ ತೊಳೆಯುತ್ತಾರೆ. ಎಕ್ಕೆಯ ಹಾಲು ಇನ್ನೂ ಮೋಸದ್ದು. ಎಷ್ಟೋ ಸಲ ನೋವೇ ಇಲ್ಲದೆ ಕಣ್ಣಿನ ಪಾರದರ್ಶಕ ಪಟಲದ ಒಳಪದರಕ್ಕೆ ಏಟು ಕೊಟ್ಟು ದೃಷ್ಟಿ ಮಂಜು ಮಾಡುತ್ತದೆ. ನೋವಿಲ್ಲವೆಂದು ಸುಮ್ಮನಿರದೆ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಹಾಗಾದರೆ ಸವರಿದ ರಾಶಿಗೆ ದಾರಿ ಯಾವುದು? ತಿಪ್ಪೆ. 2003ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಪ್ರಯೋಗವೊಂದರಲ್ಲಿ ಸರಿಯಾಗಿ ಕಳಿತ ಕಾಂಪೋಸ್ಟಿನಲ್ಲಿ ಒಲಿಯಾಂಡ್ರಿನ್ 50 ದಿನಗಳಲ್ಲಿ ಬಹುತೇಕ ಇಲ್ಲವಾಗಿತ್ತು. ಆ ಗೊಬ್ಬರದಲ್ಲಿ ಬೆಳೆದ ತರಕಾರಿಗೂ ಅದು ಏರಿರಲಿಲ್ಲ. ಅದೇ ಚೂರುಗಳನ್ನು ಗಿಡದ ಬುಡಕ್ಕೆ ಹೊದಿಕೆಯಾಗಿ ಹಾಸಿದಾಗ ವಿಷ ತಿಂಗಳುಗಟ್ಟಲೆ ಉಳಿದಿತ್ತು. ಬೆಂಕಿಯಿಂದ ಆಗುವ ಕೆಲಸವನ್ನು ತಿಪ್ಪೆಯ ಸೂಕ್ಷ್ಮಜೀವಿಗಳು ಹೊಗೆಯಿಲ್ಲದೆ ಮುಗಿಸುತ್ತವೆ. ಅಲಗಿಗೆ ಮಾತ್ರ ವಿಷ ಮುರಿಯುವ ಶಕ್ತಿಯಿಲ್ಲ. ಅದು ಹಂಚಿ ಬಿಡುತ್ತದೆ ಅಷ್ಟೆ.

ಕಣಗಿಲೆಯನ್ನು ಕೊಡಲಿ, ಕುಡುಗೋಲಿನಲ್ಲೇ ತುಂಡು ಮಾಡಿ. ಎಲೆ, ಎಳೆಗೊಂಬೆಗಳನ್ನು ದನ, ಆಡು ಹೋಗದ ತಿಪ್ಪೆಯ ನಡುವಿಗೆ ತುಂಬಿ, ಮೇಲೆ ಸಗಣಿ ಮುಚ್ಚಿ. ದಪ್ಪ ಕಟ್ಟಿಗೆ ಪೂರ್ತಿ ಒಣಗಿದ ಮೇಲೆ ಹೊರಗಿನ ನೀರೊಲೆಗೆ ನಡೆದೀತು, ಅಡುಗೆಯ ಒಲೆಗೆ ಬೇಡ. ಅರೆಬೆಂದ ಎಲೆ ಬೂದಿಯಲ್ಲಿ ಉಳಿಯದಂತೆ ನೋಡಿಕೊಳ್ಳಿ. ಮೇವಿನ ಮಷಿನ್ನಿಗೆ ಮೇವನ್ನಷ್ಟೇ ಕೊಡಿ.